ಸೌದಾಳ ಕಾಲಿಗೆ ಎಟುಕದ ಕಾರು

ಉಮ್ರಾ ಯಾತ್ರೆ ಮುಗಿಸಿ ಮನೆಗೆ ಬಂದವರು ಸ್ವಲ್ಪ ಕಾಲವಾದರೂ ಕೋಪ ಮಾಡಿಕೊಳ್ಳಬಾರದು, ಮಾಡಿಕೊಂಡರೆ ಮೆಕ್ಕಾದಿಂದ ಜೊತೆಗೆ ಬಂದ ದೇವದೂತರು ಮುನಿಸಿಕೊಂಡು ಹಿಂದಿರುಗುತ್ತಾರೆ ಎಂದು ಮಲಯರ ನಾಡಿನ ಈಪೋ ಊರಿನ ಬರ್ಚಾಮ್ ಬಡಾವಣೆಯ ಹೆಂಗಸರು ಹೇಳುತ್ತಾರೆ. ಹಾಗಿದ್ದರೆ ಸೌದಾಳ ದೇವದೂತರು ಅವಳ ಮನೆಯ ಗೇಟಿನಿಂದಲೇ ತಿರುಗಿ ಹೋಗಿರಬೇಕು.

ಸೌದಾ ಒಂದು ಪ್ರಾಥಮಿಕ ಶಾಲೆಯ ಕ್ಯಾಂಟೀನು ನಡೆಸುತ್ತಿದ್ದಳು. ತೆಂಗಿನಹಾಲಿನ ಅನ್ನ, ಸಂಬಲ್ ಎಂಬ ಮೆಣಸಿನ ಚಟ್ನಿ, ಹುರಿದ ಸಣ್ಣ ಮೀನು, ಅರ್ಧ ಮೊಟ್ಟೆ. ಎಲ್ಲವನ್ನೂ ಬೆಳಗಿನ ಪ್ರಾರ್ಥನೆಗೆ ಮುಂಚೆ ಬಾಳೆ ಎಲೆಯಲ್ಲಿ ಕಟ್ಟಿ ಮುಗಿಸುವವಳು. ಆಳು ಬಹಳ ಗಿಡ್ಡ. ಬ್ರೆಡ್ ತರುವ ವ್ಯಾನಿನವನು ಕಟ್ಟೆಯ ಆಚೆಯಿಂದ ಅವಳನ್ನು ಕಾಣಲಾರದೆ, "ಕಾಕ್ ಸೌದಾ, ಇದೀರೋ ಇಲ್ಲ ಪಾತ್ರೆ ಒಳಗೆ ಬಿದ್ದೋದ್ರೋ?" ಎಂದು ಕೇಳುತ್ತಿದ್ದ. ಕಾಕ್ ಎಂದರೆ ಅಕ್ಕ. ಬಡಾವಣೆಗೆಲ್ಲ ಅವಳು ಅಕ್ಕನೇ. ಅವಳು ನಗುತ್ತಿದ್ದಳು, ಮರುದಿನ ಅವನ ಬ್ರೆಡ್ಡಿನಲ್ಲಿ ಹಳಸಿದ್ದನ್ನು ಹುಡುಕಿ ಹಿಂದಕ್ಕೆ ಕಳಿಸುತ್ತಿದ್ದಳು. ಯಾವುದನ್ನೂ ಮರೆಯುವ ಹೆಂಗಸಲ್ಲ.

ಅವಳಿಗೊಂದು ಕಾರಿತ್ತು. ಪ್ರೋಟಾನ್ ಸಾತ್ರಿಯಾ ಜಿಟಿಐ. ಕಪ್ಪು ಬಣ್ಣ, ಮೂರು ಬಾಗಿಲು, ಮೊಟಕು ಹಿಂಭಾಗ, ನೋಡಲು ಸಾಧಾರಣ, ಓಡಿಸಲು ಪುಂಡ. ಸಾತ್ರಿಯಾ ಎಂದರೆ ಮಲಯರ ಮಾತಿನಲ್ಲಿ ನಮ್ಮ ಕ್ಷತ್ರಿಯನೇ. ಆ ಕಾರು ಹೊಸದಾಗಿ ಬಂದಾಗ ಈಪೋದ ಗಂಡುಹುಡುಗರೆಲ್ಲ ಅದರ ಕನಸು ಕಂಡರು. ಕೊಂಡವಳು ಸೌದಾ, ಅದೂ ಸೆಕೆಂಡ್ ಹ್ಯಾಂಡ್, ಮದುವೆಯ ಖರ್ಚಿಗೆಂದು ಮಾರುತ್ತಿದ್ದ ಒಬ್ಬ ಹುಡುಗನಿಂದ. ಗಂಡ ಜಮಾರಿ, ಅವಳ ಬಾಯಲ್ಲಿ ಬಾಂಗ್, ರೈಲ್ವೆಯಲ್ಲಿ ಸಿಗ್ನಲ್ ತೋರಿಸುತ್ತಿದ್ದವನು. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ಒಂದು ಚಿಕ್ಕ ಬೈಕು ಸಾಕು. ಕಾರಿನಲ್ಲಿ ಅವನ ಜಾಗ ಹೆಂಡತಿಯ ಪಕ್ಕದ ಸೀಟು. ಇಪ್ಪತ್ತು ವರ್ಷ ಅಲ್ಲೇ ಕೂತ.

ಯಾವ ಕಾರನ್ನು ಕಟ್ಟಿದವರ ಲೆಕ್ಕದಲ್ಲೂ ಸೌದಾಳಷ್ಟು ಗಿಡ್ಡ ಹೆಂಗಸು ಇರುವುದಿಲ್ಲ. ಮೊದಲ ದಿನ ಕ್ಲಚ್ಚು ಪೂರ್ತಿ ಒತ್ತಲು ಅವಳು ಸೀಟಿನ ತುದಿಗೆ ಜಾರಬೇಕಾಯಿತು. ಜಾರಿದರೆ ಎದುರಿನ ರಸ್ತೆ ಕಾಣದು. ಬೇರೆಯವಳಾಗಿದ್ದರೆ ಬೆನ್ನಿಗೆ ದಿಂಬು ಕೊಟ್ಟುಕೊಳ್ಳುತ್ತಿದ್ದಳು. ಸೌದಾ ಮೆಂಗ್ಲೆಂಬುವಿನಲ್ಲಿ ಗ್ಯಾರೇಜಿಟ್ಟಿದ್ದ ಚೀನೀ ಮೆಕ್ಯಾನಿಕ್ ಲೊಯ್ ಬಳಿಗೆ ಹೋಗಿ, ಕಾರು ನನಗೆ ಹೊಂದಿಕೊಳ್ಳಬೇಕು, ನಾನು ಅದಕ್ಕಲ್ಲ ಎಂದಳು. ಲೊಯ್ ಅವಳನ್ನು ಅಡಿಯಿಂದ ಮುಡಿಯವರೆಗೆ ಟೇಪಿನಲ್ಲಿ ಅಳೆದ, ಶವಪೆಟ್ಟಿಗೆ ಮಾಡುವವನು ಅಳೆದ ಹಾಗೆ.

ಕೆಲಸ ಒಂದೇ ಸಲಕ್ಕೆ ಮುಗಿಯಲಿಲ್ಲ. ಸೀಟಿನ ಕಾಲುಗಳನ್ನು ಕತ್ತರಿಸಿ, ಬೇರೆ ಕಬ್ಬಿಣ ಬೆಸೆದು, ಅದನ್ನು ಮೇಲಕ್ಕೂ ಮುಂದಕ್ಕೂ ತಂದರು. ಮೂರು ಪೆಡಲಿಗೂ ಅಲ್ಯುಮಿನಿಯಂ ತುಂಡು ಕಟ್ಟಿದರು, ಒಂದೊಂದೂ ಬೇರೆ ದಪ್ಪ, ಮೇಲೆ ತುರಿಮಣೆಯಂತೆ ಹಲ್ಲು, ಚಪ್ಪಲಿ ಜಾರದಿರಲೆಂದು. ಸ್ಟಿಯರಿಂಗು ಎದೆಯ ಹತ್ತಿರ ಬಂತು. ಗೇರಿನ ಕೋಲನ್ನು ಕಾಯಿಸಿ ಅವಳ ಕಡೆಗೆ ಬಗ್ಗಿಸಿದರು. ಇಷ್ಟಾದ ಮೇಲೆ ರುಚಿ ಹತ್ತಿತು. ಜಪಾನಿನಿಂದ ಅರ್ಧಕ್ಕೆ ಕತ್ತರಿಸಿ ಹಡಗಿನಲ್ಲಿ ತರುವ ಹಳೆಯ ಕಾರುಗಳ ರಾಶಿ ಲಾಹತ್ ರಸ್ತೆಯಲ್ಲಿ ಬೀಳುತ್ತಿತ್ತು. ಶಾಲೆಯ ರಜೆಗಳಲ್ಲಿ ಸೌದಾ ಆ ರಾಶಿಯ ಮೇಲೆ ಹತ್ತಿ ಬೇಕಾದ್ದನ್ನು ಆರಿಸಿದಳು. ಎಂಜಿನ್ನಿಗೆ ಬಲ ತುಂಬುವ ಕ್ಯಾಮ್‌ಗಳು, ಬಿಗಿಯಾದ ಸ್ಪ್ರಿಂಗುಗಳು, ಅಗಲ ಬಾಯಿಯ ಸೈಲೆನ್ಸರು. ಮೊದಮೊದಲು ಲೊಯ್ ಮಾಡಿದ, ಅವಳು ದೀಪ ಹಿಡಿದಳು. ಆಮೇಲೆ ಅವಳು ಮಾಡಿದಳು, ಅವನು ಸ್ಟೂಲಿನ ಮೇಲೆ ಕೂತು ಬೈದ. ಎಂಜಿನ್ ಆಯಿಲ್ ಉಗುರಿನ ಸಂದಿಯಲ್ಲಿ ಕೂತು ಹೋಗದಿದ್ದಾಗ ಅವಳು ನಿಂಬೆ ತಿಕ್ಕಿ ತೊಳೆದು ಸಂಬಲ್ ಅರೆಯುತ್ತಿದ್ದಳು.

ಆ ಕಾಲಕ್ಕೆ ಎಲ್ಲರೂ ಹಾಗೇ ಮಾಡುತ್ತಿದ್ದರು. ಕಾರು ಕೊಂಡರೆ ಅದನ್ನು ಬದಲಾಯಿಸುವುದೇ ಪೌರುಷ. ಆಮೇಲೆ ಸಾತ್ರಿಯಾಗಳು ವಿರಳವಾದವು, ಬೆಲೆ ಏರಿತು, ಹೊಸ ತಲೆಮಾರಿನ ಭಕ್ತಿ ತಿರುಗಿ ನಿಂತಿತು. ಈಗ ಫ್ಯಾಕ್ಟರಿಯಿಂದ ಹೊರಬಿದ್ದ ದಿನದ ಹಾಗೇ ಇರಬೇಕು. ಸೀಟಿನ ಬಟ್ಟೆ ಅದೇ, ಚಕ್ರ ಅದೇ, ಬಾನೆಟ್ಟಿನ ಒಳಗಿನ ಸ್ಟಿಕರು ಸಹ ಅದೇ. ಸಾತ್ರಿಯಾ ಇಟ್ಟುಕೊಂಡವರ ಈಪೋ ಕ್ಲಬ್ಬಿನ ಅಧ್ಯಕ್ಷ ಖುಜೈರಿ ಈ ಹೊಸ ಭಕ್ತಿಯ ದೊಡ್ಡ ಪೂಜಾರಿ. ಅವನೇ ಸೌದಾಳ ಅಳಿಯ, ಒಬ್ಬಳೇ ಮಗಳು ನಸುಹಾಳ ಗಂಡ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ಸೌದಾ ಉಮ್ರಾಕ್ಕೆ ವಿಮಾನ ಹತ್ತಿದ ಮರುದಿನವೇ ಖುಜೈರಿ ಕ್ಲಬ್ಬಿನ ಹುಡುಗರನ್ನು ಕೂಡಿಸಿದ. ಎಲ್ಲರೂ ಕೈಜೋಡಿಸಿ, ಕೂಲಿ ಕೇಳದೆ ಒಂದು ಕೆಲಸ ಮುಗಿಸಿಕೊಡುವುದು ಆ ನಾಡಿನ ಹಳೆಯ ಪದ್ಧತಿ. ಹಿಂದೆ ಮನೆಯನ್ನೇ ಎತ್ತಿ ಬೇರೆ ಜಾಗದಲ್ಲಿಡುತ್ತಿದ್ದರು. ಈ ಹುಡುಗರು ಅವಳ ಕಾರನ್ನು ಬಿಚ್ಚಿದರು. ಕೊಲಾಲಂಪುರದವರೆಗೂ ಹೋಗಿ ಹಳೆಯ ಅಸಲಿ ಭಾಗಗಳನ್ನು ಹುಡುಕಿ ತಂದರು. ಬಣ್ಣ ಕೆರೆದು ಹೊಸದಾಗಿ ಹೊಡೆದರು. ಶನಿವಾರ, ಭಾನುವಾರ, ನಿದ್ದೆ, ಯಾವುದನ್ನೂ ನೋಡಲಿಲ್ಲ. ಅವಳು ಬರುವ ದಿನ ಅಂಗಳದಲ್ಲಿ ಶಾಮಿಯಾನ ಹಾಕಿ, ದೊಡ್ಡ ಹಂಡೆಯಲ್ಲಿ ಬೀಫ್ ರೆಂದಾಂಗ್ ಮಾಡಿಸಿ, ಕಾರಿಗೆ ಬಿಳಿ ಬಟ್ಟೆ ಹೊದಿಸಿ, ಒಂದೇ ಬಣ್ಣದ ಟೀ ಶರ್ಟು ತೊಟ್ಟು ಸಾಲಾಗಿ ನಿಂತರು.

ಬಟ್ಟೆ ಸರಿಸಿದಾಗ ಸೌದಾಳ ಬಾಯಿಂದ ಮೊದಲು ಬಂದದ್ದು ಅಲ್‌ಹಂದುಲಿಲ್ಲಾ. ಹದಿನೈದು ದಿನದ ಅಭ್ಯಾಸ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರು ಕಾಡಿಗೆಯ ಹಾಗೆ ಮಿನುಗುತ್ತಿತ್ತು. ಅವಳ ಕಣ್ಣು ಒಳಗೆ ಹೋದದ್ದು ಆಮೇಲೆ.

"ಕೂತ್ಕೊಳ್ಳಿ ಮಾಕ್," ಎಂದ ಖುಜೈರಿ. ಮಾಕ್ ಎಂದರೆ ಅಮ್ಮ. ಅತ್ತೆಯನ್ನೂ ಹಾಗೇ ಕರೆಯುತ್ತಾರೆ. "ಸ್ಟಾರ್ಟ್ ಮಾಡಿ. ಶಬ್ದ ಕೇಳಿ, ಹೊಸ ಮದುಮಗಳ ಥರ ಮೆತ್ತಗಾಗಿದೆ."

ಅವಳು ಕೂತಳು. ಸೀಟು ಅವಳನ್ನು ಬಾವಿಯಂತೆ ಒಳಗೆ ಎಳೆದುಕೊಂಡಿತು. ಎದುರಿಗೆ ರಸ್ತೆಯ ಬದಲು ಸ್ಟಿಯರಿಂಗಿನ ನಡುವಿನ ಮುದ್ರೆ. ಕಾಲು ಚಾಚಿದಳು, ಹೆಬ್ಬೆರಳಿನ ತುದಿ ಕ್ಲಚ್ಚನ್ನು ಮುಟ್ಟಿತು, ಒತ್ತಲಾಗಲಿಲ್ಲ. ಇನ್ನೂ ಚಾಚಿದಳು. ಹೊರಗಿನಿಂದ ನೋಡುವವರಿಗೆ ಅವಳ ತಲೆಯ ಬಿಳಿ ವಸ್ತ್ರದ ತುದಿಯೊಂದೇ ಕಿಟಕಿಯಲ್ಲಿ ಕಾಣುತ್ತಿತ್ತು. ಯಾರೋ ಒಬ್ಬ ಹುಡುಗ, ಡ್ರೈವರೇ ಇಲ್ಲದ ಕಾರು ಬಂತಪ್ಪ ಎಂದ. ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಅವಳು ತಮಾಷೆ ಮಾಡುತ್ತಿದ್ದಾಳೆ ಎಂದೇ ಅವರು ತಿಳಿದಿದ್ದರು. ಫೋಟೋ ತೆಗೆದರು.

ಸೌದಾ ಇಳಿದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ಅಡುಗೆಮನೆಗೆ ಹೋಗಿ ಬಾಡಿಗೆಗೆ ತಂದಿದ್ದ ತಟ್ಟೆಗಳನ್ನು, ಇನ್ನೂ ಯಾರೂ ಉಣ್ಣದವನ್ನು, ಮತ್ತೊಮ್ಮೆ ತೊಳೆಯತೊಡಗಿದಳು. ಅವಳ ನಾದಿನಿ ರೊಕಾಯಾ ಬಂದು ನೋಡಿ, ಮುಖ ಯಾಕೆ ಹಾಗಿದೆ ಎಂದು ಕೇಳಿದಳು, ಸೌದಾ ಇನ್ನೊಂದು ತಟ್ಟೆ ಎತ್ತಿಕೊಂಡಾಗ, "ಮೆಕ್ಕಾದ ಜಂಜಂ ನೀರು ಇನ್ನೂ ಗಂಟಲಿಂದ ಇಳಿದಿಲ್ಲ, ಆಗ್ಲೇ ಸಿಟ್ಟು. ಇಷ್ಟು ದೂರ ಹೋಗಿ ಏನು ತಂದೆ, ಖರ್ಜೂರನಾ?" ಎಂದು ಚುಚ್ಚಿ ಹೊರಟಳು.

ಬೈಯಬೇಕಾದವರನ್ನು ಬೈಯಲು ಮಾತುಗಳಿವೆ. ನಿದ್ದೆಗೆಟ್ಟು, ಬೆವರು ಸುರಿಸಿ, ಪ್ರೀತಿಯಿಂದ ನಮ್ಮ ಮನೆ ಹಾಳು ಮಾಡಿದವರನ್ನು ಬೈಯಲು ಯಾವ ಭಾಷೆಯಲ್ಲೂ ಮಾತಿಲ್ಲ. ಬಾಯಿ ತೆರೆದರೆ ತಪ್ಪು ನಮ್ಮದೇ. ಕೃತಜ್ಞತೆ ಇಲ್ಲದವಳು ಎಂದು ಒಂದು ಹೆಸರು ಸಿದ್ಧವಾಗಿಯೇ ಇರುತ್ತದೆ. ಉಪಕಾರ ಮಾಡುವವರು ಕೇಳಿ ಮಾಡಬೇಕೆಂಬ ನಿಯಮವನ್ನು ಯಾಕೆ ಯಾರೂ ಮಕ್ಕಳಿಗೆ ಕಲಿಸುವುದಿಲ್ಲವೋ ತಿಳಿಯದು.

ಸಂಜೆ ಶಾಮಿಯಾನ ಖಾಲಿಯಾದ ಮೇಲೆ ಸೌದಾ ಅಳಿಯನನ್ನು ಕರೆದು, ಬಿಚ್ಚಿದ್ದೆಲ್ಲ ಎಲ್ಲಿದೆ ಎಂದು ಕೇಳಿದಳು. ಅವನು ಸಂತೋಷದಿಂದಲೇ ಹೇಳಿದ. ಕ್ಯಾಮ್‌ಗಳನ್ನು ಕ್ಲಾಂಗ್ ಊರಿನವನೊಬ್ಬ ಕೊಂಡ, ಸ್ಪ್ರಿಂಗುಗಳು ಕ್ಲಬ್ಬಿನವನಿಗೇ ಹೋದವು, ಆ ದುಡ್ಡಿನಲ್ಲೇ ಅಸಲಿ ಚಕ್ರಗಳು ಬಂದವು. ಉಳಿದ ಕಬ್ಬಿಣ, ಪೆಡಲಿನ ತುಂಡು, ಸೀಟಿನ ಕಾಲು ಎಲ್ಲ ಗೋಣಿಚೀಲದಲ್ಲಿ ಗುಜರಿಗೆ. ಮುಂದಿನ ತಿಂಗಳು ಸ್ಟೇಡಿಯಂ ಮೈದಾನದಲ್ಲಿ ಹಳೆ ಕಾರುಗಳ ಪ್ರದರ್ಶನ. ಅಸಲಿ ವಿಭಾಗದಲ್ಲಿ ಇದರ ಹೆಸರು ಕೊಟ್ಟಾಗಿದೆ.

"ಪೆಡಲಿನ ತುಂಡು ಯಾಕೆ ತೆಗೆದೆ?"

"ಅದು... ಅದೇನೋ ಹಳೇ ರಿಪೇರಿ ಅನ್ಕೊಂಡೆ ಮಾಕ್."

"ಇಷ್ಟು ವರ್ಷ ನನ್ನ ಜೊತೆ ಕಾರಲ್ಲಿ ಓಡಾಡಿದೀಯ. ನನ್ನ ಕಾಲು ನೋಡಿಲ್ವಾ?"

ಖುಜೈರಿ ನೆಲ ನೋಡಿದ. ಆಮೇಲೆ ನಿಜ ಹೇಳಿದ. ಪೆಡಲಿನ ವಿಷಯ ಅವನಿಗೂ ಅನುಮಾನ ಬಂದಿತ್ತು. ಬಿಚ್ಚುವ ಮೊದಲು ಮಾವನನ್ನು, ಅವನು ಅಬಾ ಎಂದು ಕರೆಯುವ ಜಮಾರಿಯನ್ನು, ಕೇಳಿದ್ದ. "ಅಬಾನೇ ಹೇಳಿದ್ದು ಮಾಕ್. ಎಲ್ಲಾ ತೆಗೀರಿ, ಅವಳಿಗೆ ಅದೇನೂ ಬೇಕಾಗಲ್ಲ ಅಂದ್ರು. ಕೀ ಕೊಟ್ಟಿದ್ದೂ ಅವರೇ."

ಸೌದಾಳ ಕೋಪ ಅಲ್ಲಿಯವರೆಗೆ ದಾರಿ ತಪ್ಪಿದ ದನದಂತೆ ಸುತ್ತುತ್ತಿತ್ತು. ಈಗ ಅದಕ್ಕೆ ಮನೆ ಸಿಕ್ಕಿತು.

ಜಮಾರಿ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅವಳು ಬರುವುದನ್ನು ಕಂಡು ಲೋಟ ಕೆಳಗಿಟ್ಟ. ಕಾಯುತ್ತಿದ್ದ ಎಂದೇ ಹೇಳಬೇಕು.

"ಬಾಂಗ್, ಆ ತುಂಡುಗಳಿಲ್ದೆ ನನ್ನ ಕಾಲು ಎಟುಕಲ್ಲ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ತೆಗೆಸಿದ್ರಿ."

ಜಮಾರಿ ಲೋಟವನ್ನು ಕುರ್ಚಿಯ ಕೆಳಗೆ ಸರಿಸಿದ. ಅವನು ಮಾತಿನವನಲ್ಲ, ರೈಲ್ವೆಯವರು ಅವನಿಂದ ಹಸಿರು, ಕೆಂಪು ಎರಡೇ ಮಾತು ಕೇಳಿ ಪಿಂಚಣಿ ಕೊಟ್ಟಿದ್ದರು. ಕೊನೆಗೆ, ಹಿಂದಿನ ವರ್ಷ ಸಿಂಪಾಂಗ್ ಪುಲಾಯ್ ಘಾಟಿಯಿಂದ ಇಳಿಯುವಾಗ ಆದದ್ದನ್ನು ನೆನಪಿಸಿದ. ತಿರುವಿನಲ್ಲಿ ತರಕಾರಿ ಲಾರಿಯಿಂದ ಸೋರಿದ ನೀರು. ಕಾರಿನ ಹಿಂಭಾಗ ಕಣಿವೆಯ ಕಡೆಗೆ ಜಾರಿತು. ಅವನ ತಲೆ ಕಿಟಕಿಗೆ ಬಡಿಯಿತು. ಅಷ್ಟರಲ್ಲಿ ಕಾರು ನೇರವಾಯಿತು, ಮನೆಗೆ ಬಂದರು. ಸೌದಾ ಆ ಸಂಗತಿಯನ್ನು ಆ ದಿನವೇ ಬಿಟ್ಟಿದ್ದಳು. ಅವನು ಬಿಟ್ಟಿರಲಿಲ್ಲ.

"ನಾನು ನಿನ್ನ ಕಾಲು ನೋಡ್ತಿದ್ದೆ ಸೌದಾ," ಎಂದ. "ಕಾರು ಜಾರ್ತಾ ಇತ್ತು. ನೀನು ಬ್ರೇಕ್ ಒತ್ತಲಿಲ್ಲ. ಇನ್ನೂ ಜೋರು ಮಾಡೋಕೆ ಒತ್ತಿದೆ. ಪಕ್ಕದಲ್ಲಿ ನಾನು ಕೂತಿದೀನಿ ಅನ್ನೋದೂ ನಿಂಗೆ ನೆನಪಿರ್ಲಿಲ್ಲ. ಸೈತಾನ ಹೊಕ್ಕ ಕಾಲು ಅದು ಅನ್ನಿಸ್ತು."

ಸೌದಾ ನಿಂತಲ್ಲೇ ನಿಂತಳು. ಆ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಹಿಂಭಾಗ ಜಾರಿದಾಗ ಬ್ರೇಕು ಒತ್ತಿದರೆ ಅದು ಇನ್ನಷ್ಟು ತಿರುಗಿ ಕಣಿವೆಗೇ ಹೋಗುತ್ತದೆ; ಆಕ್ಸಿಲರೇಟರು ಒತ್ತಿದರೆ ಮುಂದಿನ ಚಕ್ರ ಎಳೆದುಕೊಂಡು ಹಿಂದಿನದನ್ನು ದಾರಿಗೆ ತರುತ್ತದೆ, ಮೂಗುದಾರ ಎಳೆದರೆ ಎತ್ತಿನ ಮೈ ಹಿಂದೆ ಬರುವಂತೆ. ಒತ್ತುವುದಕ್ಕೆ ಧೈರ್ಯ ಬೇಕು, ಎಟುಕುವ ಪೆಡಲೂ ಬೇಕು. ಅವಳು ಒತ್ತಿದ್ದಳು. ಇದನ್ನು ಅವಳು ಅವನಿಗೆ ಹೇಳಿದಳು, ಮಕ್ಕಳಿಗೆ ಹೇಳುವಂತೆ ಒಂದೊಂದೇ ಮಾತು ಬಿಡಿಸಿ. ಆಮೇಲೆ, "ಆ ಕಾಲು ಒತ್ತಿದ್ದಕ್ಕೇ ನೀವು ಇಲ್ಲಿ ಕೂತು ಕಾಫಿ ಕುಡೀತಿರೋದು," ಎಂದಳು.

"ನಂಗೆ ಅದೆಲ್ಲ ಗೊತ್ತಾಗಲ್ಲ."

"ಗೊತ್ತಾಗ್ದೇ ಇದ್ರೆ ಕೇಳ್ಬೇಕಿತ್ತು."

"ಕೇಳಿದ್ರೆ ಓಡ್ಸೋದು ಬಿಡ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

ಇಷ್ಟೇ ಮಾತು. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವನು ಒಂದು ದಿನ ಹೆದರಿದ. ಹೆದರಿದ್ದು ತಪ್ಪಲ್ಲ. ಹೆದರಿಕೆಯನ್ನು ಬಾಯಿಬಿಟ್ಟು ಹೇಳದೆ, ಅವಳು ಮೆಕ್ಕಾದಲ್ಲಿ ಇವನ ಆಯುಸ್ಸಿಗೆ ಬೇಡುತ್ತಿದ್ದ ಹೊತ್ತಿನಲ್ಲಿ, ಹುಡುಗರ ಕೈಗೆ ಸ್ಪ್ಯಾನರು ಕೊಟ್ಟು ಅವಳ ಕಾಲು ಮೊಟಕು ಮಾಡಿಸಿದ. ಅದಕ್ಕೆ ಬಿಳಿ ಬಟ್ಟೆ ಹೊದಿಸಿ ಊರಿಗೆ ಊಟ ಹಾಕಿಸಿದ.

ಮರುದಿನ ಬೆಳಿಗ್ಗೆ ಸೌದಾ ಬ್ರೆಡ್ಡಿನವನ ವ್ಯಾನಿನಲ್ಲಿ ಅವನ ಪಕ್ಕ ಕೂತು ಗುಜರಿಗೆ ಹೋದಳು. ಗೋಣಿಚೀಲ ಕರಗಲು ಹೋಗಿ ವಾರವಾಗಿತ್ತು. ಕ್ಲಾಂಗ್‌ನವನು ಫೋನು ಎತ್ತಿ, ಕೊಂಡದ್ದು ಕೊಂಡಾಯಿತು ಆಂಟಿ ಎಂದು ಇಟ್ಟ. ಎರಡನೆಯ ಸಲ ಎತ್ತಲೇ ಇಲ್ಲ. ಕ್ಲಬ್ಬಿನ ಹುಡುಗ ಸ್ಪ್ರಿಂಗುಗಳನ್ನು ಆಗಲೇ ತನ್ನ ಕಾರಿಗೆ ಹಾಕಿಸಿ, ಅದೇ ಕಾರಿನಲ್ಲಿ ಕೂತು, ಬಿಚ್ಚಬೇಕಾ ಕಾಕ್ ಎಂದು ಅಳುಮುಖ ಮಾಡಿದ. ಬೇಡ, ಇಟ್ಕೋ, ಸಾಯುವವರೆಗೂ ನನ್ನ ನೆನೆಸ್ಕೊಂಡು ಕುಲುಕಾಡು ಎಂದು ಅವಳು ಹೊರಟುಬಂದಳು.

ಲೊಯ್ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟು ವರ್ಷಗಳಾಗಿದ್ದವು. ಕೈ ನಡುಗುತ್ತಿತ್ತು. ಸಾತ್ರಿಯಾವನ್ನು ಎಳೆದುಕೊಂಡು ಬಂದ ಲಾರಿಯಿಂದ ಇಳಿಸಿದಾಗ ಅವನು ಸುತ್ತ ನಡೆದು ನೋಡಿದ, ಬಣ್ಣ ಚೆನ್ನಾಗಿದೆ ಎಂದ, ಬಾಗಿಲು ತೆಗೆದು ಒಳಗೆ ನೋಡಿದ. ಚೀನೀ ಭಾಷೆಯಲ್ಲಿ ಏನೋ ಬೈದ. ಅದನ್ನು ಇಲ್ಲಿ ಬರೆಯಲಾಗದು. ಆಮೇಲೆ ಸ್ಟೂಲು ತರಿಸಿ ಕೂತ. "ನನ್ ಕೈ ಆಗಲ್ಲ. ಬಾಯಿ ಆಗತ್ತೆ. ನೀನು ಕತ್ತರ್ಸು."

ಅವಳು ಕತ್ತರಿಸುವ ಯಂತ್ರ ಹಿಡಿದು ಸೀಟಿನ ಕಾಲಿಗೆ ಇಡುವ ಹೊತ್ತಿಗೆ ಖುಜೈರಿ ಓಡಿಬಂದ. ನಸುಹಾ ಫೋನು ಮಾಡಿ ಹೇಳಿರಬೇಕು. ಅವನು ಬಾಗಿಲಿಗೆ ಅಡ್ಡ ನಿಂತು ಬೇಡಿಕೊಂಡ. ಇಂಥ ಸೀಟು ಇನ್ನು ಸಿಗುವುದಿಲ್ಲ, ನೆಲಕ್ಕೆ ತೂತು ಬಿದ್ದರೆ ಅಸಲಿ ಅನ್ನಿಸಿಕೊಳ್ಳುವುದಿಲ್ಲ, ಪ್ರದರ್ಶನ ಮುಗಿಯುವವರೆಗಾದರೂ ತಡೆಯಿರಿ ಎಂದ. ಬೇಕಾದರೆ ಪೆಡಲಿಗೆ ತಾನೇ ರಬ್ಬರು ತುಂಡು ಕಟ್ಟಿಕೊಡುತ್ತೇನೆ, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಬಹುದು ಎಂದ. ಕೊನೆಗೆ, "ಹುಡುಗರು ನಿದ್ದೆ ಬಿಟ್ಟು ಮಾಡಿದಾರೆ ಮಾಕ್. ಅವರಿಗೆ ನಾನು ಏನು ಹೇಳ್ಲಿ?" ಎಂದ.

"ಒಂದು ತಿಂಗಳು ಎಲ್ಲರಿಗೂ ಬೆಳಗಿನ ತಿಂಡಿ ನನ್ನ ಕ್ಯಾಂಟೀನಲ್ಲಿ, ಮೊಟ್ಟೆ ಪೂರ್ತಿ. ಕೂಲಿ ಮುಟ್ಟಿತು ಅಂತ ಹೇಳು. ಈಗ ಪಕ್ಕಕ್ಕೆ ನಿಲ್ಲು, ಕಣ್ಣಿಗೆ ಕಿಡಿ ಬೀಳತ್ತೆ."

ಅವನು ನಿಂತ. ಕಿಡಿ ಹಾರಿತು. ಹೊಸ ಬಣ್ಣ ಸುಟ್ಟ ವಾಸನೆ ಗ್ಯಾರೇಜು ತುಂಬಿತು. ಲೊಯ್ ಸ್ಟೂಲಿನ ಮೇಲಿಂದ, ಎಡಕ್ಕೆ, ಇನ್ನೂ ಎಡಕ್ಕೆ, ಕುರುಡೀ, ನಿಂಗೆ ಹೇಳ್ತಿರೋದು ಎಂದು ಕೂಗುತ್ತಿದ್ದ. ಅವಳ ಮಂಡಿ ಈಗ ಬಗ್ಗುವುದಿಲ್ಲ. ಕಾರಿನಡಿ ಮಲಗಿದರೆ ಏಳಲು ಇಬ್ಬರು ಬೇಕು. ಹಿಂದೆ ಒಂದೊಂದು ಮಧ್ಯಾಹ್ನ ಹಿಡಿದ ಕೆಲಸಕ್ಕೆ ಈಗ ಒಂದೊಂದು ವಾರ ಹಿಡಿಯಿತು. ಕ್ಯಾಂಟೀನಿನ ಹಳೆಯ ಒಲೆಯ ತಟ್ಟೆ ಕುಯ್ದು ಪೆಡಲಿಗೆ ಹೊಸ ತುಂಡು ಮಾಡಿದಳು. ಎಂಜಿನ್ನು ಮಾತ್ರ ಹಾಗೇ ಉಳಿಯಿತು. ಆ ಕ್ಯಾಮ್‌ಗಳು ಮತ್ತೆ ಸಿಗಲಿಲ್ಲ, ಸಿಗುವುದೂ ಇಲ್ಲ. ಕಾರು ಏರಿನಲ್ಲಿ ಮೊದಲಿನಂತೆ ನುಗ್ಗುವುದಿಲ್ಲ, ಮದುಮಗಳ ಥರವೇ ಗುನುಗುತ್ತದೆ. ಪ್ರತಿ ಏರಿನಲ್ಲೂ ಅವಳಿಗೆ ಸಿಟ್ಟು ಬರುತ್ತದೆ.

ಕೆಲಸ ಮುಗಿದ ದಿನ ಅವಳು ಇನ್ನೊಂದು ಕೆಲಸ ಮಾಡಿದಳು. ಪಕ್ಕದ ಸೀಟಿನ ನಾಲ್ಕು ಬೋಲ್ಟು ಬಿಚ್ಚಿ ಸೀಟನ್ನು ಹೊರಗೆ ತೆಗೆದಳು. ಖುಜೈರಿ ಅದನ್ನು ಮಗುವಿನಂತೆ ಎತ್ತಿಕೊಂಡು, ಇದಕ್ಕೇನು ಮಾಡ್ತೀರಿ ಎಂದ. ಕಾರು ಹಗುರ ಆಗಬೇಕು, ಎಂಜಿನ್ನು ನೀವು ಸಪ್ಪೆ ಮಾಡಿದ್ದೀರಲ್ಲ ಎಂದಳು. ಲೊಯ್‌ಗೆ ಅರ್ಥವಾಯಿತು, ಅವನು ನಕ್ಕ. ಅಳಿಯನಿಗೆ ಮನೆ ತಲುಪಿ ಸೀಟನ್ನು ಜಗಲಿಯಲ್ಲಿ ಇಡಿಸಿದಾಗ ಅರ್ಥವಾಯಿತು. ಜಮಾರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಸೀಟನ್ನು ನೋಡಿದ, ಅದರ ಮೇಲೆ ಕೂರಲಿಲ್ಲ, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಸ್ವಲ್ಪ ಆಚೆಗೆ ಎಳೆದುಕೊಂಡ.

ಬಡಾವಣೆಯಲ್ಲಿ ಮಾತಾಯಿತು. ಮೆಕ್ಕಾಕ್ಕೆ ಹೋಗಿ ಬಂದವಳಿಗೆ ಇದು ಶೋಭೆಯೇ ಎಂದರು. ಪ್ರದರ್ಶನದಿಂದ ಹೆಸರು ಹಿಂದೆ ಪಡೆದ ಖುಜೈರಿಯನ್ನು ಕ್ಲಬ್ಬಿನವರು ಛೇಡಿಸಿದರು. ಕೆಲವರು ಪೂರ್ತಿ ಮೊಟ್ಟೆಯ ತಿಂಡಿಗೂ ಬರಲಿಲ್ಲ. ನಸುಹಾ ಅಪ್ಪನ ಪರವಾಗಿ ಮಾತಾಡಲು ಬಂದು, ಅಬಾಗೆ ವಯಸ್ಸಾಯಿತು, ಹೆದರಿದ್ದರು, ಅಷ್ಟೇ ಎಂದಳು. ಹೆದರಿದವನು ಕಾರಿನಿಂದ ತಾನು ಇಳಿಯಬೇಕಿತ್ತು, ನನ್ನನ್ನು ಇಳಿಸಬಾರದಿತ್ತು ಎಂದು ಸೌದಾ ಹೇಳಿದಳು.

ಅಲ್ಲಿಯವರು ಹರಿರಾಯ ಎನ್ನುವ ರಂಜಾನ್ ಹಬ್ಬ ಬಂತು. ಹಬ್ಬದ ಬೆಳಿಗ್ಗೆ ಗಂಡಹೆಂಡಿರು ಕೈ ಹಿಡಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ಅಲ್ಲಿಯ ರೂಢಿ. ಜಮಾರಿ ಹೊಸ ಬಟ್ಟೆ ತೊಟ್ಟು ಬಂದು ಕೈ ಚಾಚಿದ. ಸೌದಾ ಆ ಕೈಯನ್ನು ಹಣೆಗೊತ್ತಿಕೊಂಡು ರೂಢಿಯ ಮಾತನ್ನು ಹೇಳಿದಳು, ಅವನೂ ಹೇಳಿದ. ಆಮೇಲೆ ಕ್ವಾಲಾ ಕಾಂಗ್ಸಾರ್‌ನಲ್ಲಿರುವ ಅವಳ ಅಕ್ಕನ ಮನೆಗೆ ಹೊರಡಬೇಕಿತ್ತು. ಅವಳು ಹಿಂದಿನ ಸೀಟಿನ ತುಂಬ ಹಬ್ಬದ ತಿಂಡಿಯ ಡಬ್ಬಗಳನ್ನು ಒಟ್ಟಿ, ರೆಂದಾಂಗಿನ ಪಾತ್ರೆಯನ್ನು ಸೀಟಿಲ್ಲದ ಜಾಗದಲ್ಲಿಟ್ಟು, ಉರುಳದಂತೆ ಬೆಲ್ಟು ಬಿಗಿದಳು. ಜಮಾರಿ ನೋಡುತ್ತ ನಿಂತಿದ್ದ. ಅವಳು ಏನಾದರೂ ಹೇಳುತ್ತಾಳೆಂದು ಸ್ವಲ್ಪ ಕಾದ, ಆಮೇಲೆ ಒಳಗೆ ಹೋಗಿ ಹೆಲ್ಮೆಟ್ಟು ತಂದ, ಜರಿಯ ಸೊಂಟವಸ್ತ್ರ ಮಡಚಿ ಕಟ್ಟಿ ಬೈಕು ಹತ್ತಿದ.

ಊರು ದಾಟುವವರೆಗೆ ಸೌದಾ ಕನ್ನಡಿಯಲ್ಲಿ ಅವನ ದೀಪ ಕಾಣುವಷ್ಟು ನಿಧಾನವಾಗಿ ಓಡಿಸಿದಳು. ಹಬ್ಬದ ದಿನ, ರಸ್ತೆಯಲ್ಲಿ ನೆಂಟರು ನೋಡುತ್ತಾರೆ. ಮುಂದಿನ ಊರು ಚೆಮೋರ್ ದಾಟಿದ ಮೇಲೆ ರಸ್ತೆ ತೆರವಾಯಿತು. ಅವಳು ಒತ್ತಿದಳು.